ಕೆಂಪು ಕೋಸಿನ ಭಾನುವಾರಗಳು

ಅಡಿಲೇಡ್‌ನ ಬಾಡಿಗೆ ಮನೆ ನನ್ನ ನೆನಪಿನಲ್ಲಿ ಉಳಿದಿರುವುದು ವಾಸನೆಗಳಾಗಿ. ಬಾಗಿಲು ತೆಗೆದರೆ ಕಾರ್ಪೆಟ್ಟಿನದು. ನಮಗಿಂತ ಮೊದಲು ಅಲ್ಲಿದ್ದವರು ನಾಯಿ ಸಾಕಿದ್ದರು, ಅಮ್ಮ ಎಷ್ಟು ಸೋಡಾಪುಡಿ ಚೆಲ್ಲಿ ತಿಕ್ಕಿದರೂ ಮಳೆಯ ದಿನ ಆ ನಾಯಿ ವಾಪಸು ಬರುತ್ತಿತ್ತು. ಅಡುಗೆಮನೆಯಲ್ಲಿ ಶೇಂಗಾ ಚಟ್ನಿಪುಡಿಯದು. ಲಾಂಡ್ರಿಯಲ್ಲಿ ವಿಭೂತಿಯೂ ಬಟ್ಟೆ ಸೋಪೂ ಕೂಡಿದ್ದು, ಏಕೆಂದರೆ ಬೇರೆ ಕೋಣೆಯಿಲ್ಲದೆ ಅಮ್ಮ ವಾಷಿಂಗ್ ಮೆಷಿನ್ನಿನ ಮೇಲಿನ ಕಪಾಟನ್ನೇ ಪೂಜೆಯ ಜಾಗ ಮಾಡಿಕೊಂಡಿದ್ದಳು. ಭಾನುವಾರ ಸಂಜೆ ಮಾತ್ರ ಇವೆಲ್ಲವನ್ನೂ ಮುಚ್ಚಿಬಿಡುವ ಇನ್ನೊಂದು ವಾಸನೆ ನಡುಮನೆಗೆ ಬಂದು ಸೋಫಾದ ಮೇಲೆ ಕಾಲು ಚಾಚುತ್ತಿತ್ತು. ಹುಳಿ ಬ್ರೆಡ್ಡು, ಒದ್ದೆ ಮರ, ನಿದ್ದೆಯ ಬಾಯಿ. ಅದು ಅಪ್ಪನದು.

ಅದಕ್ಕೂ ಮೊದಲು ನಾವು ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿದ್ದೆವು, ಅಡಿಲೇಡ್ ಬಿಟ್ಟ ಮೇಲೆ ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ಗೆ ಹೋದೆವು. ಅಪ್ಪನ ಕೆಲಸ ಕರೆದಲ್ಲಿಗೆ ಪಾತ್ರೆಪಗಡ ಸುತ್ತಿಕೊಂಡು ಹೋಗುವುದು ನಮಗೆ ರೂಢಿಯಾಗಿತ್ತು. ಆ ಎರಡು ಮನೆಗಳ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ನಡುವಿನ ಅಡಿಲೇಡ್ ವರ್ಷಗಳೇ ನನ್ನನ್ನು ಇಂಥವಳನ್ನಾಗಿ ಮಾಡಿದವು: ಯಾವ ಕೌಂಟರಿನಲ್ಲೂ ತಟ್ಟೆಯಲ್ಲಿ ಏನೇನಿದೆಯೆಂದು ಕೇಳದೆ ತಿನ್ನದವಳು, ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿರುವ ನನ್ನ ಆಫೀಸಿನವರು ಶುಕ್ರವಾರದ ಆರ್ವೋ, ಅಂದರೆ ಮಧ್ಯಾಹ್ನ, ಬಿಯರ್ ಗಾರ್ಡನ್ನಿಗೆ ಹೊರಟರೆ ತಲೆನೋವೆಂದು ಮನೆಗೆ ಬರುವವಳು. ಸಹೋದ್ಯೋಗಿಗಳು ಇದನ್ನು ಧರ್ಮ ಅಂದುಕೊಂಡಿದ್ದಾರೆ. ಅಲ್ಲ. ಇದು ಹೇಸಿಗೆ.

ಅಮ್ಮ ಬೆಳಿಗ್ಗೆ ಸ್ನಾನ ಮಾಡಿ, ಕಪಾಟಿನ ಮುಂದೆ ನಿಂತು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟುಕೊಳ್ಳುತ್ತಿದ್ದಳು. ಕರಡಿಗೆ ಎಂದರೆ ಲಿಂಗವನ್ನಿಡುವ ಪುಟ್ಟ ಬೆಳ್ಳಿಯ ಡಬ್ಬಿ. ನಮ್ಮ ಮನೆಯಲ್ಲಿ ಅಪ್ಪನಿಗೊಂದು, ಅಮ್ಮನಿಗೊಂದು, ದಾರ ಕಟ್ಟಿ ಅಂಗಿಯೊಳಗೆ. ಮೈಮೇಲಿನ ಲಿಂಗ ಮೈ ಬಿಟ್ಟು ಹೋಗಬಾರದು ಎಂಬುದು ಅಮ್ಮನ ನೇಮ. ಪೂಜೆಯಾಗದೆ ಅವಳ ಬಾಯಿಗೆ ನೀರೂ ಇಲ್ಲ. ಪೂಜೆಯ ಹೊತ್ತಿಗೆ ಮೆಷಿನ್ನು ಬಟ್ಟೆ ಹಿಂಡತೊಡಗಿದರೆ ಕಪಾಟು ಅದುರಿ ವಿಭೂತಿ ಉಂಡೆ ಉರುಳುತ್ತಿತ್ತು. ಅಮ್ಮನ ಅಂಗೈ ಅದುರುತ್ತಿರಲಿಲ್ಲ. ಹೊರಗಿನ ಊಟವನ್ನು ಅವಳು ನಂಬುತ್ತಿರಲಿಲ್ಲ. ಎಲ್ಲಿಗೆ ಹೋದರೂ ಅವಳ ಬ್ಯಾಗಿನಲ್ಲಿ ಜೋಳದ ರೊಟ್ಟಿ, ಪುಟ್ಟ ಡಬ್ಬಿಯಲ್ಲಿ ಚಟ್ನಿಪುಡಿ. ಯಾರಾದರೂ ಕೇಕು ಕೊಟ್ಟರೆ ಮೊಟ್ಟೆಯಿದೆಯಾ ಎಂದು ಕೇಳಿ, ನಕ್ಕು, ನನ್ನ ಕೈಗೂ ಬರದಂತೆ ದಾಟಿಸಿಬಿಡುವಳು.

ಬಿಯರ್ ಗಾರ್ಡನ್ನನ್ನು ನಮಗೆ ಪರಿಚಯಿಸಿದವರು ಲ್ಯಾನ್ಸಿ ಅಂಕಲ್. ಅಪ್ಪನ ಆಫೀಸಿನವರು, ಮಂಗಳೂರಿನ ಕಡೆಯ ಕ್ರೈಸ್ತರು, ಗಲ್ಫಿನಲ್ಲಿ ಬಹಳ ವರ್ಷ ಇದ್ದು ಬಂದವರು. ನಗರದ ಪೂರ್ವಕ್ಕೆ ಫ್ರೀವೇ ಏರಿ ಹೋದರೆ ಗುಡ್ಡಗಳ ನಡುವೆ ಹಿಂದೆಂದೋ ಜರ್ಮನ್ನರು ಬಂದು ನೆಲೆಸಿದ ಊರೊಂದಿದೆ. ಅಲ್ಲಿ ಕಲ್ಲಿನ ಕಟ್ಟಡದ ಹಿತ್ತಿಲಲ್ಲಿ, ಓಕ್ ಮರಗಳ ಕೆಳಗೆ ಉದ್ದುದ್ದ ಬೆಂಚು ಹಾಕಿದ್ದರು. ಬಿಯರನ್ನು ಅಲ್ಲೇ ತಯಾರಿಸುತ್ತಿದ್ದರು. ಚಳಿಗೆ ಕಪ್ಪು ಬಿಯರು, ಕೆಂಪು ಕೋಸು. ವಸಂತಕ್ಕೆ ತೆಳು ಬಿಯರು, ಬಿಳಿ ಆಸ್ಪರಾಗಸ್ಸು. ಎಲೆ ಉದುರುವಾಗ ಪೈನ್ ಕಾಡಿನ ಅಣಬೆ. ಕಾಲಕ್ಕೆ ತಕ್ಕಂತೆ ಹಲಗೆಯ ಮೇಲಿನ ಬರಹ ಬದಲಾಗುತ್ತಿತ್ತು. ಜನ ಇದನ್ನು ಹೊಗಳುತ್ತಿದ್ದರು. ನನಗೆ ಕಾಣುತ್ತಿದ್ದುದು ಬೇರೆ. ಬೆಂಚಿನ ಮರ ವರ್ಷಗಳ ಬಿಯರು ಕುಡಿದು ಮೆತ್ತಗಾಗಿತ್ತು. ಮೊಣಕೈ ಊರಿದರೆ ಅಂಟಿಕೊಂಡು, ಎತ್ತುವಾಗ ಚರ್ಮ ಸುಲಿದಂತೆ ಸದ್ದಾಗುತ್ತಿತ್ತು. ಹಳದಿ ಕಣಜಗಳು ಮಗ್ಗಿನ ಅಂಚಿನಲ್ಲಿ ನಡೆದು ನೊರೆಯೊಳಗೆ ಬಿದ್ದು ಕಾಲು ಬಡಿಯುತ್ತಿದ್ದವು. ಗಂಡಸರು ಬೆರಳಲ್ಲಿ ಅವನ್ನು ಮೀಟಿ ತೆಗೆದು, ಅದೇ ಬೆರಳು ಚೀಪಿ, ಮತ್ತೆ ಕುಡಿಯುತ್ತಿದ್ದರು. ಲ್ಯಾನ್ಸಿ ಅಂಕಲ್ ಮುಂದೆ ಹಂದಿಯ ಮೊಣಕಾಲು ಬರುತ್ತಿತ್ತು, ಸುಟ್ಟ ಚರ್ಮದ ಮೇಲೆ ಬೋಳಿಸಿದ ಗಡ್ಡದಂತೆ ಮೋಟು ಕೂದಲು. ಆಸ್ಪರಾಗಸ್ಸಿನ ತಿಂಗಳಲ್ಲಂತೂ ಇಡೀ ಟಾಯ್ಲೆಟ್ಟು ಕೊಳೆತ ಕೋಸಿನ ಹಾಗೆ ನಾರುತ್ತಿತ್ತು, ಏಕೆಂದರೆ ಅದನ್ನು ತಿಂದವರ ಮೂತ್ರಕ್ಕೆ ಆ ವಾಸನೆ ಬರುತ್ತದೆ. ಅದು ಗೊತ್ತಾದ ಮೇಲೆ ನಾನು ಮನೆ ತಲುಪುವವರೆಗೆ ತಡೆದುಕೊಳ್ಳುವುದನ್ನು ಕಲಿತೆ.

ಈ ಎಲ್ಲದಕ್ಕಿಂತ ಮೊದಲು, ಕಾರ್ ಪಾರ್ಕಿನಲ್ಲಿ, ಒಂದು ಸಣ್ಣ ಕೆಲಸ ನಡೆಯುತ್ತಿತ್ತು. ಅಪ್ಪ ಎಂಜಿನ್ ಆರಿಸಿ, ಹಿಂದೆ ಮುಂದೆ ನೋಡಿ, ಅಂಗಿಯೊಳಗೆ ಕೈ ಹಾಕಿ ತನ್ನ ಕರಡಿಗೆಯನ್ನು ದಾರಸಮೇತ ತಲೆಯ ಮೇಲಿಂದ ತೆಗೆಯುತ್ತಿದ್ದ. ಕಣ್ಣಿಗೊತ್ತಿಕೊಂಡು ಕರವಸ್ತ್ರದಲ್ಲಿ ಸುತ್ತುತ್ತಿದ್ದ.

"ಇದನ್ನ ಇಟ್ಕೊ."

ಅಮ್ಮ ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ವಾಪಸು ಬರುವಾಗ ಅವಳೇ ಕಾರು ಓಡಿಸುವವಳು. ಅವಳು ಡ್ರೈವಿಂಗ್ ಕಲಿತದ್ದೇ ಈ ಭಾನುವಾರಗಳ ಸಲುವಾಗಿ. ದಾರಿಯಲ್ಲಿ ಅಪ್ಪನಿಗೆ ಭಕ್ತಿ ಉಕ್ಕಿ, ಕೊಡು ಹಾಕ್ಕೋತೀನಿ ಎಂದು ಕೈ ಚಾಚಿದರೆ ಅವಳದು ಒಂದೇ ಮಾತು.

"ನಾಳೆ ಸ್ನಾನ ಆದ್ಮೇಲೆ ಕೊಡ್ತೀನಿ."

ನೋಡಲು ಇದು ಗಂಡಹೆಂಡಿರ ಒಪ್ಪಂದದಂತಿತ್ತು. ಅಪ್ಪನಿಗೆ ಕುಡಿಯಲು ಬೇಕು, ಆದರೆ ಲಿಂಗಕ್ಕೆ ಎಂಜಲು ಸೋಕಬಾರದು. ಆ ಎಚ್ಚರ ಅವನಲ್ಲಿ ಇದ್ದದ್ದು ನಿಜ. ಅದಕ್ಕೇ ಮುಂದಿನದು ನನಗೆ ಕ್ಷಮಿಸಲಾಗದ್ದು.

ಮೊದಲ ಚಳಿಗಾಲದಲ್ಲಿ ಅಪ್ಪ ಕೌಂಟರಿಗೆ ಹೋಗಿ ಅಮ್ಮನಿಗೆಂದು ಒಂದು ಬಟ್ಟಲು ಕೆಂಪು ಕೋಸು ತಂದ. ಪ್ಯೂರ್ ವೆಜ್, ಕೇಳಿದೀನಿ ಎಂದ. ಅಮ್ಮ ಕರಡಿಗೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ಮೊದಲು ಲಿಂಗಕ್ಕೆ ಅರ್ಪಿಸಿ, ಆಮೇಲೆ ಚಮಚದ ತುದಿಯಲ್ಲಿ ಒಂದಿಷ್ಟು ನಾಲಿಗೆಗೆ ಮುಟ್ಟಿಸಿದಳು. ಅವಳ ಮುಖ ಸಡಿಲವಾಯಿತು. ಪರ್ತ್ ಬಿಟ್ಟ ಮೇಲೆ ನಾನು ಆ ಮುಖವನ್ನು ನೋಡಿರಲಿಲ್ಲ.

"ಹುಳಿ, ಸಿಹಿ, ಲವಂಗ. ನಮ್ಮಜ್ಜಿ ಗೊಜ್ಜು ಇದ್ದಂಗಿದೆ ಕಣ್ರೀ."

"ಹೇಳ್ಲಿಲ್ವಾ? ಜರ್ಮನ್ನರೂ ನಮ್ಮ ಥರಾನೇ," ಎಂದ ಅಪ್ಪ, ಮೀಸೆಯ ನೊರೆ ಒರೆಸದೆ.

ಆಮೇಲೆ ಎಷ್ಟೋ ಭಾನುವಾರ ಅಮ್ಮ ರೊಟ್ಟಿಯನ್ನು ಬ್ಯಾಗಿನಿಂದ ತೆಗೆದು ಆ ಕೋಸಿನ ಜೊತೆ ತಿಂದಳು. ವಾರವಿಡೀ ಮನೆಯಲ್ಲಿ ಮಾತಿಲ್ಲದೆ ಇರುತ್ತಿದ್ದವಳು ಭಾನುವಾರ ಬೆಳಿಗ್ಗೆಯೇ ಜಡೆ ಹಾಕಿಕೊಂಡು ಸಿದ್ಧಳಾಗುತ್ತಿದ್ದಳು. ಒಂದು ಭಾನುವಾರ ಬಿಯರಿನ ಸಾಲು ಉದ್ದವಿದ್ದು ಅಪ್ಪ ಅಲ್ಲಿ ನಿಂತ. ಊಟ ಹೇಳಲು ನನ್ನನ್ನು ಕಳಿಸಿದ. ಕೌಂಟರಿನ ಹೆಂಗಸು ಬಟ್ಟಲಿಗೆ ಕೋಸು ಹಾಕುತ್ತ, ಇದು ನಿನಗಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಮ್ಮನಿಗೆ, ಅವಳು ವೆಜಿಟೇರಿಯನ್, ನಾನು ತಿನ್ನುವುದಿಲ್ಲ ಎಂದೆ. ಸೌಟು ನಿಂತಿತು. ಇದು ಬೇಯುವುದೇ ಹಂದಿಯ ಕೊಬ್ಬಿನಲ್ಲಿ, ಮರಿ, ನಿಮ್ಮಪ್ಪನಿಗೆ ಮೊದಲ ದಿನವೇ ಹೇಳಿದ್ದೆನಲ್ಲ, ಪರವಾಗಿಲ್ಲ ಅಂದರು, ಎಂದಳು.

ಬಟ್ಟಲು ಹಿಡಿದುಕೊಂಡು ನಾನು ಅಪ್ಪನ ಬಳಿಗೆ ಹೋದೆ. ಕೋಸಿನ ಮೇಲೆ ಮಿನುಗುವ ಒಂದು ತೆಳು ಪದರ ಇತ್ತು. ಅದುವರೆಗೆ ಅದನ್ನು ಬೆಣ್ಣೆ ಎಂದುಕೊಂಡಿದ್ದೆ. ಆಗೆಲ್ಲ ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು ನಾನು.

"ಇಟ್ಸ್ ಗಾಟ್ ಪಿಗ್ ಫ್ಯಾಟ್, ಅಪ್ಪ. ಶೀ ಸೆಡ್ ಯೂ ನೋ."

ಅವನು ಸುತ್ತ ನೋಡಿದ. ಆಮೇಲೆ ಬಗ್ಗಿದ. ಬಾಯಿಯಿಂದ ಬೆಚ್ಚನೆಯ ಹುಳಿ ನನ್ನ ಮುಖಕ್ಕೆ ಬಡಿಯಿತು.

"ಒಂದು ಸ್ಪೂನು ಕಣೇ ಪುಟ್ಟಿ. ಎಣ್ಣೆ ಇದ್ದಂಗೆ. ಈ ದೇಶಕ್ಕೆ ಬಂದ್ಮೇಲೆ ಅವ್ಳು ಇಷ್ಟಪಟ್ಟು ತಿಂದಿರೋದು ಇದೊಂದೇ, ಅದನ್ನೂ ಕಿತ್ಕೋಬೇಕಾ?"

ನಾನು ಬೆಂಚಿನಲ್ಲಿದ್ದ ಅಮ್ಮನ ಕಡೆ ತಿರುಗಿದೆ.

"ಈಗ ಹೇಳಿದ್ರೆ ಏನಾಗತ್ತೆ ಗೊತ್ತಾ? ಇಷ್ಟು ದಿನ ತಿಂದಿದ್ದು ಹೊಟ್ಟೆಯಿಂದ ಆಚೆ ಬರತ್ತಾ? ಬರಲ್ಲ. ಅವ್ಳು ಊಟ ಬಿಟ್ಟು ಮಲಗ್ತಾಳೆ. ಹಾಗೆ ಮಾಡಿದವಳು ನೀನಾಗ್ತೀಯ."

ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ ಅವನೇ ಅಮ್ಮನ ಮುಂದಿಟ್ಟ. ಅಮ್ಮ ಕರಡಿಗೆಯ ಮೇಲೆ ಅಂಗೈಯಿಟ್ಟಳು. ನಾನು ಓಕ್ ಮರದ ಹಿಂದೆ ಹೋಗಿ ವಾಂತಿ ಮಾಡಿದೆ. ಮಗುವಿಗೆ ಹಂದಿಯ ವಾಸನೆ ಆಗಿಬರಲಿಲ್ಲ ಎಂದುಕೊಂಡು ಲ್ಯಾನ್ಸಿ ಅಂಕಲ್ ಪಾಪ, ತಟ್ಟೆ ಎತ್ತಿಕೊಂಡು ಬೆಂಚಿನ ಆ ತುದಿಗೆ ಹೋಗಿ ಕೂತರು.

ಮುಂದಿನ ವಾರದಿಂದ ಊಟ ಹೇಳುವ ಕೆಲಸವನ್ನು ನಾನೇ ಬೇಡಿ ತೆಗೆದುಕೊಂಡೆ. ಕೌಂಟರಿಗೆ ಹೋಗಿ, ಬ್ರೆಡ್ಡೂ ಬೇಯಿಸಿದ ಆಲೂಗಡ್ಡೆಯೂ ಹೇಳಿ, ವಾಪಸು ಬಂದು "ಕ್ಯಾಬೇಜ್ ಸೋಲ್ಡ್ ಔಟ್" ಎನ್ನುತ್ತಿದ್ದೆ. ಅಮ್ಮ, ಅಯ್ಯೋ ಇವತ್ತೂನಾ ಎನ್ನುತ್ತಿದ್ದಳು. ಅಪ್ಪನಿಗೆ ಅರ್ಥವಾಯಿತು. ಅವನು ಸಿಟ್ಟಾಗಲಿಲ್ಲ, ಮಗ್ಗಿನ ಮೇಲಿಂದ ನನ್ನತ್ತ ನೋಡಿ ಒಂದು ಕಣ್ಣು ಮಿಟುಕಿಸಿದ. ಬುದ್ಧಿವಂತೆ ಎಂಬಂತೆ. ತನ್ನ ಗುಟ್ಟಿಗೆ ಪಾಲುದಾರಳು ಸಿಕ್ಕಿದಳೆಂಬ ಆ ನಗೆಯ ಕೆಳಗೆ ನೊರೆ ಒಣಗಿ ಮೀಸೆಯ ತುದಿಗೆ ಬಿಳಿಯ ಪದರು ಕಟ್ಟಿತ್ತು. ಹಂದಿಯ ಕೊಬ್ಬಿಗಿಂತ ಆ ಕಣ್ಣುಮಿಟುಕು ನನ್ನ ಹೊಟ್ಟೆಯಲ್ಲಿ ಬಹಳ ಕಾಲ ಕೂತಿತು.

ಚಳಿ ಮುಗಿದು ಹಲಗೆಯಿಂದ ಕೋಸಿನ ಹೆಸರು ಅಳಿಸಿತು, ಬಿಳಿ ಆಸ್ಪರಾಗಸ್ಸು ಬಂತು. ಅಮ್ಮ ಅದನ್ನು ಮುಟ್ಟಲಿಲ್ಲ. ನೀರಲ್ಲಿ ನೆನೆದ ಬೆರಳಿನ ಹಾಗಿದೆ ಎಂದಳು. ಅವಳು ಮನೆಯಲ್ಲೇ ಕೆಂಪು ಕೋಸು ಮಾಡಲು ನಿಂತಳು. ನಮ್ಮ ಅಡುಗೆಮನೆಯ ಕಟ್ಟೆ ನೀಲಿಬಣ್ಣಕ್ಕೆ ತಿರುಗಿತು, ಅವಳ ಉಗುರುಗಳೂ. ಮೊದಲು ಹುಣಸೆಹಣ್ಣು, ಬೆಲ್ಲ, ಆಮೇಲೆ ಹಸಿರು ಸೇಬು, ವಿನೆಗರು, ಆಮೇಲೆ ತುಪ್ಪ. ಪ್ರತಿ ಸಲ ಅಂಗೈಗೆ ಹಾಕಿಕೊಂಡು ನೆಕ್ಕಿ, ತಲೆ ಅಲ್ಲಾಡಿಸುತ್ತಿದ್ದಳು.

"ಎಲ್ಲಾ ಬಂದಿದೆ. ಏನೋ ಒಂದು ಕಮ್ಮಿ. ನೀನು ನೋಡು."

ಆ ಒಂದು ಏನೆಂದು ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ, "ಬಂದಿದೆ ಬಿಡೇ ರುಚಿ, ಅವ್ರಿಗಿಂತ ಚೆನ್ನಾಗಿದೆ," ಎನ್ನುತ್ತಿದ್ದ. ನಾನು ಚಮಚ ಬಾಯಲ್ಲಿಟ್ಟುಕೊಂಡು ನುಂಗಲಾರದೆ ಕೂರುತ್ತಿದ್ದೆ. ಅಡುಗೆ ಶುದ್ಧವಾಗಿತ್ತು. ಆದರೆ ಅವಳು ಹುಡುಕುತ್ತಿದ್ದುದು ಯಾವುದನ್ನು ಎಂದು ಗೊತ್ತಿದ್ದ ನನಗೆ ಆ ಶುದ್ಧ ಪಲ್ಯವೂ ಜಿಡ್ಡುಜಿಡ್ಡಾಗಿ ಗಂಟಲಿಗೆ ಹತ್ತುತ್ತಿತ್ತು.

ಮತ್ತೆ ಎಲೆ ಉದುರುವ ಕಾಲ ಬಂತು. ಬಸವ ಜಯಂತಿಗೆ ಅಡಿಲೇಡ್‌ನ ನಮ್ಮವರೆಲ್ಲ ಒಂದು ಹಾಲ್ ಹಿಡಿದು ದಾಸೋಹ ಮಾಡುವುದಿತ್ತು, ಮನೆಗೊಂದು ಅಡುಗೆ. ಅಮ್ಮ ಕೆಂಪು ಕೋಸು ತರುತ್ತೇನೆಂದು ಮಾತು ಕೊಟ್ಟುಬಿಟ್ಟಳು. ಆ ಭಾನುವಾರ, ಚಳಿ ಬೇಗ ಬಿದ್ದದ್ದರಿಂದ, ಗಾರ್ಡನ್ನಿನ ಹಲಗೆಯ ಮೇಲೆ ಅಣಬೆಯ ಜೊತೆ ಕೋಸೂ ಮರಳಿತ್ತು. ನಾನು ಎದ್ದೆ. ಅಮ್ಮ ನನ್ನ ಭುಜ ಹಿಡಿದು ಕೂರಿಸಿದಳು.

"ನೀನು ಹೋದ್ರೆ ಯಾವಾಗ್ಲೂ ಖಾಲಿ ಅಂತಾರೆ. ನಾನೇ ಕೇಳ್ತೀನಿ, ಹೇಗೆ ಮಾಡ್ತಾರೆ ಅಂತಾನೂ ಕೇಳ್ಕೊಂಡ್ ಬರ್ತೀನಿ. ಅಷ್ಟು ಜನಕ್ಕೆ ಬಡಿಸೋದು, ಸರಿಯಾಗಿ ಇರ್ಬೇಕಲ್ವಾ."

"ಅವ್ರೆಲ್ಲಾ ಹೇಳ್ಕೊಡಲ್ಲ ಕಣೇ, ಸೀಕ್ರೆಟ್ ರೆಸಿಪಿ," ಎಂದ ಅಪ್ಪ. ಅವಳು ಆಗಲೇ ನಡೆದಿದ್ದಳು. ಅವನು ನನ್ನ ತೋಳು ಚಿವುಟಿದ. "ಹಿಂದೆ ಹೋಗು. ಏನಾದ್ರೂ ಮಾಡಿ ವಾಪಸು ಕರ್ಕೊಂಡ್ ಬಾ."

ನಾನು ಹಿಂದೆ ಹೋದೆ. ಏನೂ ಮಾಡಲಿಲ್ಲ. ಅಮ್ಮ ತನ್ನ ನಿಧಾನದ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಕೌಂಟರಿನ ಹೆಂಗಸಿಗೆ ಹೇಳಿದಳು: ನಿಮ್ಮ ಕೋಸನ್ನು ವಸಂತವಿಡೀ ಮನೆಯಲ್ಲಿ ಮಾಡಿ ನೋಡಿದೆ, ಏನೋ ಕಡಿಮೆ ಬೀಳುತ್ತದೆ, ನಮ್ಮ ಹಬ್ಬಕ್ಕೆ ಎಲ್ಲರಿಗೂ ಉಣಬಡಿಸಬೇಕು. ಆ ಹೆಂಗಸಿಗೆ ಸಂತೋಷವಾಯಿತು. ಕೌಂಟರಿನ ಮೇಲೆ ಬಾಗಿ ಸೇಬು, ವಿನೆಗರು, ಲವಂಗ ಎಂದು ಹೇಳುತ್ತ ಬಂದಳು. ಅಮ್ಮ ಪ್ರತಿಯೊಂದಕ್ಕೂ ತಲೆದೂಗಿದಳು, ಪರೀಕ್ಷೆಯಲ್ಲಿ ಪಾಸಾಗುತ್ತಿರುವವಳಂತೆ. ಮತ್ತೆ ಹಂದಿಯ ಕೊಬ್ಬು, ಧಾರಾಳವಾಗಿ, ನಿಮ್ಮದರಲ್ಲಿ ಕಡಿಮೆ ಬೀಳುವುದು ಅದೇ ಇರಬೇಕು, ಎಂದಳು ಹೆಂಗಸು. ಆಮೇಲೆ ಅಮ್ಮನ ಮುಖ ನೋಡಿ ದನಿ ತಗ್ಗಿಸಿ, ನಿಮ್ಮ ಗಂಡನಿಗೆ ಹೇಳಿದ್ದೆ, ನಿಮಗೆ ಗೊತ್ತಿದೆ ಅಂದುಕೊಂಡೆ, ಎಂದಳು.

ಅಮ್ಮನ ಕೈ ಕುರ್ತಾದ ಮೇಲೆ, ಕರಡಿಗೆ ಇರುವ ಕಡೆ ಹೋಯಿತು. ಹಿಡಿದುಕೊಳ್ಳಲಿಲ್ಲ, ಮುಟ್ಟುವ ಮೊದಲೇ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಥ್ಯಾಂಕ್ ಯೂ," ಎಂದಳು. ಬೆಂಚಿನ ಕಡೆ ತಿರುಗಿದಳು.

ಅಪ್ಪನ ಮುಂದೆ ಹೊಸ ಮಗ್ಗು ಬಂದಿತ್ತು. ಅಮ್ಮ ಕೂರಲಿಲ್ಲ. ವ್ಯಾನಿಟಿ ಬ್ಯಾಗಿನ ಒಳಜೇಬಿನಿಂದ ಕರವಸ್ತ್ರದ ಗಂಟು ತೆಗೆದು, ಬಿಚ್ಚಿ, ಬೆಳ್ಳಿಯ ಕರಡಿಗೆಯನ್ನು ಮಗ್ಗಿನ ಪಕ್ಕ ಇಟ್ಟಳು.

"ಇದು ನಿಮ್ದು. ಹಾಕ್ಕೊಂಡು ಕುಡೀರಿ."

"ಏನೇ ಇದು, ಒಳಗಿಡು. ಜನ ನೋಡ್ತಾರೆ."

"ನಾನು ಹಾಕ್ಕೊಂಡೇ ತಿಂದೆ."

ಲ್ಯಾನ್ಸಿ ಅಂಕಲ್ ಫೋರ್ಕು ಕೆಳಗಿಟ್ಟರು. ಅವರ ಬಾಯಿಯ ಸುತ್ತ ಎಣ್ಣೆ ಹೊಳೆಯುತ್ತಿತ್ತು.

"ಕೋಸಿದ್ದಾ? ಅದ್ರಲ್ಲಿ ಹಂದಿದ್ದು ಉಂಟು ಅಂತ ನಾನು ಸಹ ಹೇಳಿದ್ದೆ ಅಲ್ಲ ಮಾರಾಯ ನಿಂಗೆ. ನೀನು ಅವರಿಗೆ ಹೇಳ್ಲೇ ಇಲ್ವಾ? ಎಂತ ಜನ ನೀನು."

ಅಮ್ಮ ಕಾರಿನ ಕಡೆ ಹೋದಳು. ಅಪ್ಪ ಅವಳ ಬೆನ್ನನ್ನು ನೋಡಿದ, ಪಕ್ಕದ ಬೆಂಚಿನವರನ್ನು ನೋಡಿದ. ಮಗ್ಗಿನ ಕೆಳಗಿದ್ದ ದುಂಡನೆಯ ಒದ್ದೆ ರಟ್ಟನ್ನು ಎಳೆದು ಕರಡಿಗೆಯ ಮೇಲೆ ಮುಚ್ಚಿದ. ಮುಚ್ಚಿ, ಬಿಯರು ಎತ್ತಿಕೊಂಡು, ಗಂಟಲ ಗಂಟು ಮೇಲೆ ಕೆಳಗೆ ಓಡುವಂತೆ ಒಂದೇ ಸಮನೆ ಕುಡಿದ. ನಾನು ಪೂರ್ತಿ ನೋಡಿದೆ. ಮಗ್ಗು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಟಾಯ್ಲೆಟ್ಟಿನ ಕಡೆಯಿಂದ ಸುತ್ತಿ ಕಾರಿಗೆ ಹೋದ. ರಟ್ಟಿನ ಕೆಳಗಿನದು ಅಲ್ಲೇ ಉಳಿಯಿತು.

"ನಾನು ಮುಟ್ಟಬಹುದಾ ಇಲ್ವಾ ಗೊತ್ತಿಲ್ಲ ಮಗಾ," ಎಂದರು ಲ್ಯಾನ್ಸಿ ಅಂಕಲ್, ಕೈಗಳನ್ನು ಪ್ಯಾಂಟಿಗೆ ತಿಕ್ಕಿಕೊಳ್ಳುತ್ತ. "ನೀನೇ ತಗೊ."

ರಟ್ಟು ಎತ್ತಿದೆ. ಕಣಜವೊಂದು ಎದ್ದುಹೋಯಿತು. ಕರಡಿಗೆ ಬಿಯರಿನಲ್ಲಿ ಮಿಂದಿತ್ತು, ದಾರ ಅದನ್ನು ಹೀರಿಕೊಂಡು ಕಂದುಬಣ್ಣಕ್ಕೆ ತಿರುಗಿತ್ತು, ಕೈಗೆ ಜಿಗುಟಾಗಿ ಅಂಟಿತು. ಮುಷ್ಟಿಯಲ್ಲಿ ಹಿಡಿದುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಅಮ್ಮ ಕಾರು ಹೊರಡಿಸಿದಳು. ಗುಡ್ಡ ಇಳಿಯುವ ಫ್ರೀವೇಯಲ್ಲಿ ಅಪ್ಪನ ಕೈ ಎದೆಯ ಮೇಲೆ ಹೋಯಿತು, ಆಮೇಲೆ ಜೇಬಿಗೆ, ಆಮೇಲೆ ಅಮ್ಮನ ಬ್ಯಾಗಿಗೆ.

"ಅಲ್ಲೇ ಬಿಟ್ಟ್‌ಬಂದ್ವಾ? ನೀನು ಎತ್ಕೊಳ್ಲಿಲ್ವಾ?"

"ನನ್ ಹತ್ರ ಇಲ್ಲ," ಎಂದಳು ಅಮ್ಮ, ರಸ್ತೆ ನೋಡುತ್ತ.

ಅವನು ಸೀಟಿನ ಕೆಳಗೆ ತಡಕಿದ. ಕತ್ತಿನ ಹಿಂಭಾಗ ಬೆವತು ಕೆಂಪಾಗಿತ್ತು. ಗಾಡಿ ತಿರುಗಿಸು, ಅದು ನಮ್ಮಪ್ಪ ಕೊಟ್ಟಿದ್ದು ಎಂದು ಅವನ ದನಿ ಒಡೆಯತೊಡಗಿದಾಗ ನನ್ನ ಬಾಯಿ ತೆರೆಯಿತು. ಇಂಗ್ಲಿಷ್ ಬರಲಿಲ್ಲ.

"ನನ್ನ ಹತ್ರ ಇದೆ. ನಾಳೆ ಸ್ನಾನ ಆದ್ಮೇಲೆ ಕೊಡ್ತೀನಿ."

ಮಾತು ಅಮ್ಮನದು, ದನಿ ಕೂಡ ಅವಳದೇ. ಅಪ್ಪ ಉಸಿರು ಬಿಟ್ಟು ಸೀಟಿಗೆ ಒರಗಿದ. ಎಲ್ಲ ತಂತಮ್ಮ ಜಾಗಕ್ಕೆ ಬಂತೆಂಬ ನಿರಾಳ. ಕನ್ನಡಿಯಲ್ಲಿ ಅಮ್ಮನ ಕಣ್ಣು ನನ್ನ ಮುಷ್ಟಿಯ ಮೇಲಿತ್ತು. ಫ್ರೀವೇ ಮುಗಿದೊಡನೆ ಸಿಕ್ಕಿದ ಸರ್ವೋದೊಳಗೆ, ಪೆಟ್ರೋಲ್ ಬಂಕಿನೊಳಗೆ, ಅವಳು ಕಾರು ತಿರುಗಿಸಿ, ಗಾಳಿ ತುಂಬಿಸುವ ಜಾಗದ ಬಳಿ ನಿಲ್ಲಿಸಿದಳು.

"ಈಗ್ಲೇ ಕೊಡು ಅವ್ರಿಗೆ."

"ಲೇ, ಕುಡಿದಿದೀನಿ ಕಣೇ. ಹೇಗೆ ಮುಟ್ಲಿ," ಎಂದ ಅಪ್ಪ.

"ಕೊಡು ಅಂದೆ. ನಿನ್ ಕೈಲಿ ಇರ್ಬಾರ್ದು ಅದು. ಇವತ್ತೊಂದೇ ಅಲ್ಲ, ಯಾವತ್ತೂ," ಎಂದಳು ಅಮ್ಮ ನನಗೆ.

ಮುಂದಿನ ಸೀಟಿನ ಮೇಲಿಂದ ಕೈ ಚಾಚಿ ಮುಷ್ಟಿ ಬಿಚ್ಚಿದೆ. ಅಪ್ಪ ಎರಡೂ ಅಂಗೈ ಒಡ್ಡಿ ಅದನ್ನು ತೆಗೆದುಕೊಂಡ. ಹಾಕಿಕೊಳ್ಳಲೂ ಆಗದೆ, ಕೆಳಗಿಡಲೂ ಆಗದೆ, ಬಿಸಿ ಹಿಡಿದವನಂತೆ ತೊಡೆಯ ಮೇಲೆ ಹಾಗೇ ಹಿಡಿದುಕೊಂಡು ಕೂತ. ಕಾರಿನ ತುಂಬ ಬಿಯರಿನ ವಾಸನೆ. ಯಾರ ಮೈಯಿಂದ, ಯಾವುದರಿಂದ ಬರುತ್ತಿದೆಯೆಂದು ಹೇಳುವಂತಿರಲಿಲ್ಲ. ಅಮ್ಮ ಎಂಜಿನ್ ಆರಿಸಿ ಇಳಿದು, ನನ್ನ ಕಡೆಯ ಬಾಗಿಲು ತೆಗೆದಳು. ಗೋಡೆಯ ನಲ್ಲಿಯ ಕೆಳಗೆ ಮೊದಲು ನನ್ನ ಕೈ ತೊಳೆಸಿದಳು, ಬೆರಳುಗಳ ಸಂದಿಯನ್ನೂ ಬಿಡದೆ. ಆಮೇಲೆ ನೀರಿಗೆ ಬೊಗಸೆಯೊಡ್ಡಿ, ಬಾಯಿ ಮುಕ್ಕಳಿಸಿ ಉಗಿದಳು. ಮತ್ತೆ ಮುಕ್ಕಳಿಸಿದಳು. ನಾನು ನಲ್ಲಿ ತಿರುಪಿ ಹಿಡಿದುಕೊಂಡು ನಿಂತೆ, ಅವಳು ಸಾಕು ಅನ್ನುವವರೆಗೆ.